ಹಿಂದೆ ಯಾರೋ ಇದ್ದಾರೆ

ನಮ್ಮ ಬೆನ್ನನ್ನು ನಾವೇ ಸರಿಯಾಗಿ ನೋಡಿಕೊಳ್ಳದೆ ಇಡೀ ಜನ್ಮ ಕಳೆದುಬಿಡುತ್ತೇವೆ, ಗಮನಿಸಿದ್ದೀರಾ? ನನ್ನ ಬೆನ್ನು ಹೇಗಿದೆ ಎಂಬುದು ದರ್ಜಿಗೆ ಗೊತ್ತು, ಹೆಂಡತಿಗೆ ಗೊತ್ತು, ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೂ ಗೊತ್ತು. ನನಗೆ ಗೊತ್ತಿಲ್ಲ. ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಊರವರ ಬೆನ್ನಿಗೆಲ್ಲ ಬಟ್ಟೆ ಅಳೆದುಕೊಟ್ಟ ನಾನು, ನನ್ನ ಬೆನ್ನಿನ ಬಗ್ಗೆ ಯೋಚಿಸತೊಡಗಿದ್ದು ಅಣ್ಣ ತೀರಿಕೊಂಡ ಮೇಲೆ.

ಅಣ್ಣ ಅಂಗಡಿಯಲ್ಲಿ ನನ್ನ ಹಿಂದೆ, ಗಲ್ಲಾದ ಮೇಲೆ ಕೂರುತ್ತಿದ್ದ. ಗಿರಾಕಿಯ ಮುಲಾಜಿಗೆ ಬಿದ್ದು ನಾನು ಅಳತೆಯಲ್ಲಿ ಸಡಿಲ ಬಿಟ್ಟರೆ ಹಿಂದಿನಿಂದ ಸಣ್ಣದೊಂದು ಕೆಮ್ಮು ಬರುತ್ತಿತ್ತು. ಬೈಗುಳವಿಲ್ಲ, ಮಾತಿಲ್ಲ, ಅಷ್ಟೇ. ಒಂದು ಮಧ್ಯಾಹ್ನ ಊಟಕ್ಕೆಂದು ಎದ್ದುಹೋದವನು ಎದೆನೋವು ಬಂದು ಹೋಗಿಯೇಬಿಟ್ಟ. ಕೆಮ್ಮು ಮಾತ್ರ ಹೋಗಲಿಲ್ಲ. ಕತ್ತರಿ ಎತ್ತಿದಾಗ ಕೇಳಿಸುತ್ತಿತ್ತು, ಬಚ್ಚಲಲ್ಲಿ ಒಬ್ಬನೇ ಇದ್ದಾಗಲೂ ಕೇಳಿಸುತ್ತಿತ್ತು. ತಿರುಗಿ ನೋಡಲು ಧೈರ್ಯವಿಲ್ಲ. ಗೋಡೆಗೆ ಬೆನ್ನು ಹಚ್ಚಿ ಮಲಗತೊಡಗಿದೆ. ಆಮೇಲೆ ನಿದ್ದೆ ಹೋಯಿತು, ಕೊನೆಗೆ ಅಂಗಡಿ ತೆಗೆಯುವುದನ್ನೂ ಬಿಟ್ಟೆ. ಹೀಗೇ ಆದರೆ ಅಂಗಡಿಯ ಜೊತೆ ನಾನೂ ಮುಚ್ಚಿಹೋಗುತ್ತೇನೆಂದು ನನಗೇ ಅನ್ನಿಸುತ್ತಿತ್ತು.

ತಹಶೀಲ್ ಕಚೇರಿಯಲ್ಲಿ ಗುಮಾಸ್ತನಾಗಿರುವ ಗೆಳೆಯ ವೀರೇಶನಿಗೆ ಹೇಳಿದೆ: "ನನ್ನ ಹಿಂದ ಯಾರೋ ಅದಾರಲೇ."

"ಯಾರಲೇ, ಎಮ್ಮೆಲ್ಲೆ ಏನು? ನನ್ನ ವರ್ಗಾವಣಿಗೂ ಒಂದ್ ಮಾತು ಹೇಳಸು!"

ತಪ್ಪು ಅವನದಲ್ಲ. ನಮ್ಮ ಕಡೆ ಹಿಂದೆ ಯಾರೋ ಇದ್ದಾರೆ ಎಂದರೆ ಅದೊಂದು ಭಾಗ್ಯ. ಹಿಂದೆ ಮುಂದೆ ಯಾರೂ ಇಲ್ಲದವನನ್ನು ಕಂಡರೇ ಜನ ಅಯ್ಯೋ ಪಾಪ ಎನ್ನುವುದು. ಆದರೆ ನನ್ನ ಮುಖ ನೋಡಿ ವೀರೇಶನ ನಗೆ ನಿಂತಿತು. ಮರುದಿನವೇ ಸಿಂಧನೂರಿನ ಡಾಕ್ಟರ ಬಳಿ ಕರೆದೊಯ್ದ. ಅವರು ಗುಳಿಗೆ ಬರೆದುಕೊಟ್ಟು, "ಇವನ್ನ ಬಿಡಬ್ಯಾಡ್ರಿ. ಜೊತಿಗೆ ಮೈ ದಣೀಬೇಕು, ಮಂದಿ ನಡುವ ಇರಬೇಕು" ಎಂದರು.

ಹಾಗೆ ನಾನು ಈ ವಯಸ್ಸಿನಲ್ಲಿ ಕರಾಟೆ ಸೇರಿದೆ. ಕ್ಲಾಸು ನಡೆಯುವುದು ನಿಂತುಹೋದ ಹತ್ತಿ ಮಿಲ್ಲಿನ ಗೋದಾಮಿನಲ್ಲಿ. ಬೆಳಗಿನ ಮಬ್ಬು, ತೊಲೆಗಳಿಂದ ಇನ್ನೂ ಜೋತಾಡುವ ಹತ್ತಿಯ ಎಳೆಗಳು, ಅವುಗಳ ಕೆಳಗೆ ಬಿಳಿ ಬಟ್ಟೆಯ ಜನ ತುಟಿ ಪಿಟಕ್ಕೆನ್ನದೆ ಗಾಳಿಗೆ ಗುದ್ದುತ್ತಿರುತ್ತಾರೆ. ಮೊದಲ ದಿನ ನೋಡಿ ಮೈ ಜುಮ್ಮೆಂದಿತು. ಕಟಾ ಎಂದರೆ ಎದುರಾಳಿ ಕಾಣದ ಕಾಳಗವಂತೆ. ಮಸ್ಕಿಯಿಂದ ಬೈಕಿನಲ್ಲಿ ಬರುವ ಮಲ್ಲಣ್ಣ ಮಾಸ್ತರರು, "ಅಲ್ಲಿ ಒಬ್ರು ಅದಾರ ಅಂತ ತಿಳೀರಿ" ಎನ್ನುತ್ತಾರೆ. ನಾನು ಮನೆಯಲ್ಲಿ ಹಾಗೆ ತಿಳಿದುಕೊಂಡದ್ದಕ್ಕೆ ಹೆಂಡತಿ ತಾಯತ ಕಟ್ಟಿಸಿದ್ದಳು. ಇಲ್ಲಿ ಬೆಲ್ಟು ಕಟ್ಟುತ್ತಾರೆ.

ನನ್ನ ಒದೆತ ಯಾರ ಮೊಣಕಾಲನ್ನೂ ದಾಟುವಂಥದ್ದಲ್ಲ. ಅದಿರಲಿ. ತೊಡಕಾದದ್ದು ಕಟಾದ ನಡುವಿನ ಒಂದು ತಿರುವು. ಗರ್ರನೆ ಹಿಂದಕ್ಕೆ ತಿರುಗಿ ಹೊಡೆಯಬೇಕು. ಹೊಸಬನಾದ ನನ್ನದು ಕೊನೆಯ ಸಾಲು, ನನ್ನ ಹಿಂದೆ ಕತ್ತಲೆ ತುಂಬಿದ ಬಾಗಿಲೊಂದೇ. ಎಲ್ಲರೂ ತಿರುಗಿದಾಗ ನಾನೊಬ್ಬ ತಿರುಗದೆ ಇಡೀ ಕ್ಲಾಸನ್ನು ಎದುರಿಸಿ ನಿಂತಿರುತ್ತಿದ್ದೆ. ಹಿಂದೆ ಕೆಮ್ಮು.

"ಯಾಕ್ರಿ ಸಾವ್ಕಾರ್ರ, ತಿರುಗವಲ್ರಿ?" ಎಂದು ಕೇಳಿದವರು ಮೊದಲ ಸಾಲಿನ ಶರಣಮ್ಮ, ಬಸ್‌ಸ್ಟ್ಯಾಂಡ್ ಬಳಿ ಖಾನಾವಳಿ ನಡೆಸುವವರು.

"ಹಿಂದ ಯಾರೋ ಅದಾರ್ರಿ."

ಅವರು ನಗಲಿಲ್ಲ. "ಮಗಳು ತೀರಿಕೊಂಡಾಗ ನನಗೂ ಹಂಗ ಆಗಿತ್ರಿ" ಎಂದರು. ಮರುದಿನ ಮೊದಲ ಸಾಲು ಬಿಟ್ಟು ಬಂದು ನನ್ನ ಹಿಂದೆ ನಿಂತರು. "ಈಗ ತಿರುಗ್ರಿ. ಹಿಂದ ನಾ ಅದೀನಿ."

ಕೆಮ್ಮು ಕೇಳಿಸಿತು. ತಿರುಗಿದೆ. ಎಲ್ಲರ ಜೊತೆ ಶರಣಮ್ಮನೂ ತಿರುಗಿದ್ದರು, ಕಂಡದ್ದು ಬೆವರಿಗೆ ಬಟ್ಟೆ ಅಂಟಿದ ಅವರ ಬೆನ್ನು. ಅದರಾಚೆ ಬಾಗಿಲು ಖಾಲಿಯಿತ್ತು. ಅಣ್ಣ ಇರಲಿಲ್ಲ. ಇಷ್ಟು ದಿನ ಅವನು ಇದ್ದುಬಿಟ್ಟಾನೆಂದು ಹೆದರುತ್ತಿದ್ದೇನೆ ಅಂದುಕೊಂಡಿದ್ದೆ. ಹೆದರಿದ್ದು ಅವನು ಇಲ್ಲದ್ದನ್ನು ಕಾಣಬೇಕಲ್ಲ ಎಂದು. ಕಟಾದ ನಡುವೆಯೇ ಗೊಳೋ ಎಂದು ಅತ್ತೆ. ಮಾಸ್ತರರು ಎಣಿಕೆ ನಿಲ್ಲಿಸಲಿಲ್ಲ. ಮುಂದಿನ ಸಾಲಿನವರೆಲ್ಲ ಆಗ ನನ್ನ ಬೆನ್ನಿಗಿದ್ದರು.

ಈಗ ಅಂಗಡಿ ತೆರೆದಿದೆ. ಗುಳಿಗೆ ಕಡಿಮೆಯಾಗಿದೆ, ಹೊಟ್ಟೆ ಅಷ್ಟಾಗಿ ಕರಗಿಲ್ಲ. ಕೊನೆಯ ಸಾಲನ್ನು ನಾನೇ ಕೇಳಿ ಪಡೆದುಕೊಂಡಿದ್ದೇನೆ. ಹೊಸಬರು ಯಾರೇ ಬಂದರೂ ಅವರ ಹಿಂದೆ ನಾನಿರುತ್ತೇನೆ. ನನ್ನ ಹಿಂದೆ ಅದೇ ಬಾಗಿಲು.

ಮೊನ್ನೆ ದಣಿವಾಗಿ ನನ್ನ ನಿಲುವು ಸ್ವಲ್ಪ ಸಡಿಲಾಗಿತ್ತು. ಗುರುಗುಂಟಾದಿಂದ ಹೊಸದಾಗಿ ಬರುತ್ತಿರುವ ಒಬ್ಬರು ನನ್ನ ಮುಂದೆ ನಿಂತಿದ್ದರು. ಕತ್ತು ಹೊರಳಿಸಿ, "ಕೆಮ್ಮು ಭಾಳ ಆಗೇತೇನ್ರಿ ಸಾವ್ಕಾರ್ರ? ನೀರು ಕೊಡ್ಲೇನು?" ಎಂದರು.

ನಾನು ಕೆಮ್ಮಿರಲಿಲ್ಲ. ಮೊಣಕಾಲನ್ನು ಸರಿಯಾಗಿ ಬಗ್ಗಿಸಿ ನಿಂತೆ.