ಪ್ರಸ್ಥಾನಕ್ಕೆ ಹೊರಟ ಕಾರು

೧೯೬೩ನೇ ಇಸವಿ. ನಗರದ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ವಾಸ ತಿಲಕ್ ನಗರದಲ್ಲಿ. ಜಯನಗರದಲ್ಲಿದ್ದ ಕಾಲೇಜು ಅಧ್ಯಾಪಕ ನಂಜುಂಡಯ್ಯನವರ ಹಳೆಯ ವಿಲಾಯತಿ ಕಾರಿನ ಕಿಂಗ್‌ಪಿನ್‌ಗಳು ಸವೆದಿದ್ದವು. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಈ ದಪ್ಪ ಗೂಟದ ಆಧಾರದ ಮೇಲೆ. ಅದೂ ಅದರ ಸುತ್ತಲಿನ ಬುಷ್ಷೆಂಬ ಲೋಹದ ಬಳೆಗಳೂ ಸವೆದರೆ ಚಕ್ರ ತೂರಾಡುತ್ತದೆ. ಅಂಥ ಕಾರನ್ನು ವರ್ಕ್‌ಶಾಪಿನವರೆಗೆ ಓಡಿಸಬೇಡಿ, ಮನೆಗೇ ಬಂದು ಹೊಸದು ಹಾಕಿಕೊಡುತ್ತೇನೆ ಎಂದಿದ್ದೆ. ಅವರಿಗೆ ಅವಸರವೂ ಇತ್ತು. ಮಗಳು ನಾಗರತ್ನ ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಶುಕ್ರವಾರ ಬಾಣಂತಿಯನ್ನೂ ಮಗುವನ್ನೂ ಮನೆಗೆ ಕರೆತರಬೇಕಿತ್ತು.

ಹಿಂದಿನ ದಿನವೇ ಹೆಚ್ಚಿನ ಕೆಲಸ ಮುಗಿಸಿದ್ದೆ. ಶುಕ್ರವಾರ ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಕಾರಿನ ಮುಂಭಾಗ ಸೈಜುಗಲ್ಲುಗಳ ಮೇಲೆ ಕುಳಿತಿತ್ತು. ಚಕ್ರ ಹಾಕುವ ಮೊದಲು, ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡನ್ನು ಮತ್ತೆ ಜೋಡಿಸುವುದೊಂದೇ ಬಾಕಿ. ಅದರ ನಟ್ಟನ್ನು ಸದ್ಯಕ್ಕೆ ಕೈಯಲ್ಲೇ ಸುತ್ತಿಟ್ಟೆ. ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡಕ್ಕೆ ತೂರಿಸುವ ಎರಡು ಕಾಲಿನ ತಂತಿಗೆ ಸ್ಪ್ಲಿಟ್ ಪಿನ್ ಎನ್ನುತ್ತಾರೆ. ಹಳೆಯದು ಬಿಚ್ಚುವಾಗಲೇ ಮುರಿದಿತ್ತು, ಹೊಸದು ನನ್ನ ಮನೆಯಲ್ಲಿತ್ತು.

"ಸಾರ್, ಸೈಕಲ್‌ನಲ್ಲಿ ಹೋಗಿ ಪಿನ್ ತರ್ತೀನಿ. ಆಮೇಲೆ ಚಕ್ರ ಹಾಕೋಣ" ಎಂದು ಹೇಳಿಯೇ ಹೊರಟೆ.

ಪಿನ್ ಹುಡುಕಿ ತರುವಷ್ಟರಲ್ಲಿ ಗಂಟೆಯ ಮೇಲಾಗಿತ್ತು. ಗೇಟು ತೆರೆದಿತ್ತು. ಶೆಡ್ಡಿನಲ್ಲಿ ಸೈಜುಗಲ್ಲುಗಳಿದ್ದವು, ಕಾರಿರಲಿಲ್ಲ. ನಂಜುಂಡಯ್ಯನವರ ಹೆಂಡತಿ ಸಾವಿತ್ರಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದರು.

"ಹತ್ತೂವರೆಗೆ ರಾಹುಕಾಲ ಬರುತ್ತಲ್ಲಪ್ಪ. ಅಷ್ಟರೊಳಗೆ ಕಾರನ್ನ ಗೇಟಿನಾಚೆ ತಳ್ಳಿ ಪ್ರಸ್ಥಾನ ಇಟ್ಬಿಡಿ ಅಂದೆ. ಚಕ್ರ ಅವರೇ ಹಾಕಿದ್ರು. ಆಚೆ ಸ್ಟಾರ್ಟ್ ಮಾಡಿ ನೋಡಿದ್ರೆ ಚೆನ್ನಾಗೇ ಓಡ್ತು. ಹಂಗೇ ಆಸ್ಪತ್ರೆಗೆ ಹೋದ್ರು."

ಹೊರಡುವುದು ತಡವಾಗುವಂತಿದ್ದರೆ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಸಾಮಾನನ್ನಾದರೂ ಮನೆಯಿಂದಾಚೆ ಇಡುವುದು ಪ್ರಸ್ಥಾನ. ನಮ್ಮ ಮನೆಯಲ್ಲೂ ಟ್ರಂಕು, ಹಾಸಿಗೆ ಸುರುಳಿ ಇಟ್ಟದ್ದನ್ನು ಕಂಡಿದ್ದೆ. ಕಾರನ್ನೇ ಇಟ್ಟದ್ದು ಕೇಳಿದ್ದು ಅದೇ ಮೊದಲು. ಅದೂ ನಟ್ಟನ್ನು ಬರೀ ಕೈಯಲ್ಲಿ ಸುತ್ತಿಟ್ಟ ಕಾರು.

"ಯಾಕಪ್ಪ, ಮುಖ ಹಿಂಗಾಯ್ತು?" ಎಂದರು. ಆಸ್ಪತ್ರೆಯ ಕಡೆಗೆ ಸೈಕಲ್ ತಿರುಗಿಸಿದೆ.

ವೃತ್ತದ ನಡುವಿನ ಅಶೋಕ ಪಿಲ್ಲರ್ ದಾಟುತ್ತಿದ್ದಂತೆ ಎದುರಿಗೆ ಕಾರು ಕಾಣಿಸಿತು. ಹಿಂದಿನ ಸೀಟಿನಲ್ಲಿ ನಾಗರತ್ನ, ಮಡಿಲಲ್ಲಿ ಬಿಳಿ ಬಟ್ಟೆಯ ಗಂಟು. ಕಾರು ಮುಂದೆ ಪಿಲ್ಲರನ್ನು ಸುತ್ತಿಕೊಂಡು ಹೋಗಬೇಕು. ಅಲ್ಲಿ ಸ್ಟೀರಿಂಗ್ ಜೋರಾಗಿ ತಿರುಗಿಸದೆ ವಿಧಿಯಿಲ್ಲ. ಇಲ್ಲಿಯೇ ನಿಲ್ಲಿಸಬೇಕು. ಆದರೆ ನನ್ನನ್ನು ಕಂಡು ಅವರು ಪಕ್ಕಕ್ಕೆ ತಿರುಗಿಸಿಬಿಟ್ಟರೆ? ಸೈಕಲ್ ಬಿಸಾಕಿ, ಸಾಕಷ್ಟು ದೂರದಲ್ಲೇ ರಸ್ತೆ ಮಧ್ಯೆ ಎರಡೂ ಕೈ ಚಾಚಿ ನಿಂತೆ. ಅಷ್ಟು ಹೆದರಿದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಕಾರು ನಿಧಾನವಾಗಿ ನೇರ ಬಂದು ನಿಂತಿತು. ನಂಜುಂಡಯ್ಯನವರು ನಗುತ್ತಿದ್ದರು. "ಏನ್ರೀ, ಸ್ಟೀರಿಂಗ್ ಬೆಣ್ಣೆ ಥರ ಮಾಡಿಟ್ಟಿದ್ದೀರಲ್ಲ."

ನಾನು ಕಾರಿನ ಕೆಳಗೆ ನುಸುಳಿದೆ. ನಟ್ಟು ಇರಲಿಲ್ಲ. ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಬೋಲ್ಟಿನ ತುದಿ ತೂತಿನಲ್ಲಿ ಸುಮ್ಮನೆ ಕುಳಿತಿತ್ತು, ಅಷ್ಟೇ. ಒಂದೇ ಕೈಯಲ್ಲಿ ರಾಡನ್ನು ಎತ್ತಿದೆ. ಪಾತ್ರೆಯಿಂದ ಸೌಟು ಎತ್ತಿದಷ್ಟು ಸಲೀಸಾಗಿ ಬಂತು.

"ಈಗ ಸ್ಟೀರಿಂಗ್ ತಿರುಗಿಸಿ ಸಾರ್" ಎಂದೆ.

ಸ್ಟೀರಿಂಗ್ ತಿರುಗುತ್ತಿದ್ದುದು ಕೇಳಿಸಿತು. ಚಕ್ರ ಅಲ್ಲಾಡಲಿಲ್ಲ. "ಇನ್ನೊಂದು ಸಲ" ಎಂದೆ. ಈ ಸಲ ಶಬ್ದವೂ ಬರಲಿಲ್ಲ. ಈಚೆ ಬಂದು ನೋಡಿದರೆ ಅವರು ಸ್ಟೀರಿಂಗಿನಿಂದ ಕೈ ತೆಗೆದು ಎದುರಿನ ಪಿಲ್ಲರನ್ನೇ ನೋಡುತ್ತ ಕುಳಿತಿದ್ದರು. ಹಿಂದೆ ನಾಗರತ್ನ ಮಗುವನ್ನು ಎದೆಗೆ ಒತ್ತಿಕೊಂಡಿದ್ದಳು.

ತಾಯಿ ಮಗುವನ್ನು ಜಟಕಾದಲ್ಲಿ ಕಳಿಸಿದೆವು. ರಾಹುಕಾಲದಲ್ಲೇ ಮನೆ ಸೇರಿದರು. ವಿಷಯ ತಿಳಿದ ಸಾವಿತ್ರಮ್ಮ ಗಳಿಗೆಯ ಮಾತೆತ್ತದೆ ಆರತಿ ಎತ್ತಿದರಂತೆ.

ಕೆಲಸ ಬಾಕಿಯಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬಾಕಿಯಿರುವ ಕಾರು ಓಡಲೇಬಾರದು. ಈ ವೃತ್ತಿ ನನಗೆ ಕಲಿಸಿದ ಪಾಠ ಇದು. ಅಂದಿನಿಂದ ಅರ್ಧ ಕೆಲಸ ಬಿಟ್ಟು ಹೊರಡಬೇಕಾದಾಗಲೆಲ್ಲ ಎಂಜಿನ್ನಿನ ರೋಟರ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹೆಬ್ಬೆರಳಿನಷ್ಟು ವಸ್ತು, ಅದಿಲ್ಲದೆ ಎಂಜಿನ್ ಶುರುವಾಗದು. ವರ್ಕ್‌ಶಾಪಿನ ಹುಡುಗರು ಛೇಡಿಸುತ್ತಿದ್ದರು: "ಏನ್ ಸಾರ್, ಕಾರು ಕಳ್ಳರು ಹೊಡ್ಕೊಂಡು ಹೋಗ್ತಾರೆ ಅಂತ ಭಯಾನಾ?"

"ಕಳ್ಳರ ಭಯ ಇಲ್ಲ ಕಣ್ರಪ್ಪ. ಮನೆಯವರದ್ದೇ ಭಯ."