ಆರಡಿ ಹಲಗೆಯ ಮೇಲೆ ನಾನು ನಿಂತದ್ದು

ನಮ್ಮೂರು ಕೋಡಿಯ ಕಡಲಲ್ಲಿ ಒಂದು ಸಲ ಸರ್ಫ್ ಬೋರ್ಡಿನ ಮೇಲೆ ಎದ್ದು ನಿಂತು ದಡದವರೆಗೂ ಬಂದಿದ್ದೇನೆ. ಹೀಗೆಂದು ಹಲವು ವರ್ಷ ಹೇಳಿಕೊಂಡು ತಿರುಗಿದೆ. ಎಂ.ಎಸ್ಸಿ. ಮುಗಿಸಿ, ಮೂರು ವರ್ಷದಲ್ಲಿ ಮೂರು ಕಾಲೇಜುಗಳ ಪಾಠದ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಕಾಲ ಅದು. ಆಗ ನಾನು ಶುರು ಮಾಡಿ ಮುಗಿಸಿದ್ದು ಅದೊಂದೇ.

ಬೋರ್ಡು ಆರಡಿಯದು, ತೆಳ್ಳಗೆ, ಚೂಪು ಮೂತಿ. ಸರ್ಫಿಂಗ್ ಕಲಿಸುತ್ತಿದ್ದವನೊಬ್ಬ ನನ್ನ ಮೈ ನೋಡಿ ಒಂಬತ್ತಡಿಯದು ತೆಗೆದುಕೊಳ್ಳಿ ಅಂದಿದ್ದ. ಒಂಬತ್ತಡಿ ಹೊಟ್ಟೆ ಬಂದ ಪ್ರವಾಸಿಗರಿಗೆ ಎಂದು ನಾನು ನಕ್ಕೆ. ಹಲಗೆ ಚಿಕ್ಕದಾದಷ್ಟೂ ವೇಗ ಹೆಚ್ಚು ಎಂಬುದು ನನ್ನ ಸಿದ್ಧಾಂತ. ಭೌತಶಾಸ್ತ್ರ ಓದಿದವನು ಅದಕ್ಕೆ ಒಂದು ಗೆರೆ ಲೆಕ್ಕವನ್ನೂ ಮಾಡಿರಲಿಲ್ಲ.

ಒಂದೂವರೆ ತಿಂಗಳು ತೆರೆಗಳು ನನ್ನ ಅಡಿಯಿಂದಲೇ ಹೋದವು. ಮೀನುಗಾರನಾದ ಭಾವ, ಅಕ್ಕನ ಗಂಡ, ದಡದಲ್ಲಿ ನಿಂತು ಕೂಗುತ್ತಿದ್ದ.

"ಹ್ವಾಯ್, ತೆರೆ ನಿನ್ನ ಕಂಡ್ ಮರ್ಯಾದೆ ಕೊಟ್ಟ್ ಅಡಿಯಂಗೇ ಹೋತಿತ್ತಲೆ ಮಾರಾಯ."

ಅವನಿಗೆ ಶಾಲೆ ಏಳನೆಯ ತರಗತಿವರೆಗೆ. ಉದ್ದದ ದೋಣಿಯನ್ನು ತೆರೆ ದೂರದಲ್ಲೇ ಎತ್ತಿಕೊಳ್ಳುತ್ತದೆ ಎಂದು ಅವನು ಹೇಳಿದಾಗ, ದೋಣಿ ಬೇರೆ ಬೋರ್ಡ್ ಬೇರೆ ಎಂದು ಪಾಠ ಮಾಡಿದ್ದೆ.

ಲೆಕ್ಕ ಹಾಕಿದ್ದು ಎಷ್ಟೋ ವರ್ಷದ ಮೇಲೆ, ಮತ್ತೆ ಪಾಠದ ಕೆಲಸ ಹಿಡಿದು ತರಗತಿಗೊಂದು ಉದಾಹರಣೆ ಬೇಕಾದಾಗ. ನಿಧಾನವಾಗಿ ಹೋಗುವ ಹಲಗೆ ನೀರನ್ನು ಸೀಳಿಕೊಂಡು ಹೋಗುತ್ತದೆ. ಸಾಕಷ್ಟು ವೇಗ ಬಂದ ಮೇಲೆ ಮೇಲೆದ್ದು ನೀರಿನ ಮೇಲೆ ಜಾರುತ್ತದೆ. ಉದ್ದ, ಅಗಲದ ಹಲಗೆಯ ಅಡಿಗೆ ನೀರು ಒತ್ತಲು ಜಾಗ ಹೆಚ್ಚು, ಹಾಗಾಗಿ ಕಡಿಮೆ ವೇಗಕ್ಕೇ ಅದು ಏಳುತ್ತದೆ. ಕೈಯಲ್ಲಿ ನಾಲ್ಕು ಸಲ ನೀರು ಹಿಂದೂಡಿದರೆ ಸೋಮಾರಿ ತೆರೆಯೂ ಸಾಕು. ಸಣ್ಣದಕ್ಕೆ ಮೊದಲೇ ವೇಗ ಬೇಕು. ಕಡಿದಾದ ತೆರೆ ಅದನ್ನು ಕೊಡುತ್ತದೆ, ಆಗ ಅದರ ಚುರುಕಿಗೆ ಸಾಟಿಯಿಲ್ಲ. ಆದರೆ ಮಳೆಗಾಲ ಕಳೆದ ಮೇಲಿನ ಕೋಡಿಯ ತೆರೆ ತಗ್ಗು, ಮೆತ್ತಗೆ. ನನ್ನ ತೂಕ, ನನ್ನ ಕೈ, ಆ ಹಲಗೆ: ಉತ್ತರ ಬಂತು, ನಾನು ನಿಂತಿರಲು ಸಾಧ್ಯವಿಲ್ಲ.

ಹಾಗಾದರೆ ನೆನಪಿರುವುದೇನು? ಪಾದದಡಿ ನೊರೆ, ಎದುರಿಗೆ ಬರುವ ದಡದ ಗಾಳಿಮರಗಳ ಸಾಲು. ಅದನ್ನು ಕಂಡದ್ದು ನಿಂತೋ, ಬೋರಲು ಮಲಗಿಯೋ? ಯಾವುದೋ ವಿಡಿಯೋದಿಂದ ಎತ್ತಿಕೊಂಡದ್ದೂ ಇರಬಹುದು. ಕೊಕ್ಕರ್ಣೆಯ ನೆಂಟರೊಬ್ಬರು ಹಿತ್ತಲಲ್ಲಿ ಹುಲಿ ಕಂಡೆ ಎಂದಾಗ ಸಾಕ್ಷಿ ಕೇಳಿ ಅವರನ್ನು ಊಟದ ಎಲೆಯ ಮುಂದೆಯೇ ಹೈರಾಣ ಮಾಡಿದವನು ನಾನು.

ಸಾಕ್ಷಿ ಇದ್ದರೆ ಭಾವನೊಬ್ಬನೇ. ಅವನ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದ.

"ಭಾವ, ಅವತ್ತ್ ನಾನ್ ನಿಂತದ್ದ್ ಹೌದಾ?"

"ಹೌದ್."

"ಲೆಕ್ಕ ಹಾಕಿ ಕಂಡೆ. ಆಪ್ದಲ್ಲ ಅದ್."

"ನಿನ್ನ ಲೆಕ್ಕದಂಗೆ ನಾನ್ ಇದ್ನಾ?"

"ನೀವ್ ಎಂತಕ್ಕೆ?"

"ಎದೆ ಮಟ್ಟ ನೀರಂಗೆ ನಿಂತ್ಕಂಡ್ ಹಿಂದಿಂದ ದೂಡಿದ್ದ್ ಯಾರ್? ದೋಣಿ ದೂಡ್ದಾಂಗೆ ದೂಡ್ದೆ. ನೀ ತಿರ್ಗಿ ಕಂಡ್ರೆ ಅಂದ್ಕಂಡ್ ಮುಳ್ಗ್‌ಕಂಡೆ."

ಏಕೆ ಎಂದು ಕೇಳಿದೆ. ಅವನು ಬಲೆಯಿಂದ ತಲೆ ಎತ್ತಲಿಲ್ಲ.

"ನೀ ಯಾವ್ದೂ ಮುಗ್ಸುದಿಲ್ಲ ಅಂದೇಳಿ ನಿನ್ನ ಅಕ್ಕ ಸಮಾ ಉಣ್ತಿರ್ಲಿಲ್ಲ. ಒಂದಾರೂ ಆಯ್ಲಿ ಅಂದೆ."

ಕೊರತೆಯಾಗಿದ್ದ ವೇಗ ಆ ದೂಡಿನಲ್ಲಿತ್ತು. ಲೆಕ್ಕ ಸರಿಹೋಯಿತು, ನನಗೆ ಮಾತ್ರ ಇದಕ್ಕಿಂತ ಸುಳ್ಳು ನೆನಪೇ ವಾಸಿ ಅನ್ನಿಸಿತು. ಅದು ನನ್ನದೇ ಆಗಿರುತ್ತಿತ್ತು.

"ದಡದವರೆಗೆ ಬಂದೆ ಅಲ್ದಾ?"

"ಮೂರ್ ಮಾರ್. ಆಮೇಲೆ ಮಕಾಡೆ."

ಎಂತ ಮಾತು ಎಂದು ಒಳಗಿಂದ ಅಕ್ಕ ಕೇಳಿದಳು. ಕಡಲಿನದು ಅಂದೆ. ನಾನು ದಡದವರೆಗೆ ಬಂದವನೆಂದೇ ಅವಳು ಇಂದಿಗೂ ಊರಿಗೆಲ್ಲ ಹೇಳುತ್ತಾಳೆ. ನಾನು ತಿದ್ದಿಲ್ಲ.