ಬದುವಿನ ಮೇಲೆ ನಾಲ್ಕು ಕಲ್ಲು

ಕೆ.ಆರ್. ಪುರದ ನಮ್ಮ ಮನೆ ಓನರ್‌ಗೆ ಬೇಸಾಯದ ಹಂಗೇನೂ ಇರಲಿಲ್ಲ. ಆದರೂ ಮಳೆ ನಿಂತ ಕಾರ್ತಿಕದಲ್ಲಿ ತಮ್ಮ ತಂದೆಯ ಕಾಲದ ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿ ಮನೆ ಹಿಂದಿನ ಬಯಲನ್ನು ಉಳುತ್ತಿದ್ದರು. ಏನನ್ನೂ ಬಿತ್ತುತ್ತಿರಲಿಲ್ಲ, ಉಳುವುದೇ ಖುಷಿ. ನೇಗಿಲಿಗೆ ಕಲ್ಲು ತಗುಲಿದರೆ ತಟ್ಟನೆ ಇಳಿದು, ಕಿತ್ತು, ಹೆಗಲ ಮೇಲೆ ಹೊತ್ತು ಬದುವಿಗೆ ಹಾಕುವರು. ಟವೆಲಿಗೆ ಕೈ ಒರೆಸಿಕೊಳ್ಳುತ್ತಾ, "ನೆಲದಲ್ಲಿ ಕಲ್ಲು ಇರ್ಬಾರ್ದು ಸಾರ್" ಎನ್ನುವರು.

ಆ ಬಯಲಿನ ಒಂದು ಮೂಲೆಯನ್ನು ಹೋದ ವರ್ಷ ನಮಗೇ ಸೈಟಾಗಿ ಮಾರಿದರು. ಸರ್ವೆಯವರು ಬಂದು ನಾಲ್ಕು ಮೂಲೆಗೂ ಗಡಿಕಲ್ಲು ನೆಟ್ಟು ಹೋದರು. ಗುದ್ದಲಿ ಪೂಜೆಯ ಬೆಳಿಗ್ಗೆ ಹೆಂಡತಿಯೊಂದಿಗೆ ಹೋಗಿ ನೋಡಿದರೆ, ಓನರ್ ಇಡೀ ಬಯಲನ್ನು ಒಂದೇ ಸಮ ಕೆಂಪಗೆ ಉತ್ತುಬಿಟ್ಟಿದ್ದರು. ನಮ್ಮ ನಾಲ್ಕೂ ಕಲ್ಲು ಬದುವಿನ ಮೇಲೆ ಒಟ್ಟಿಗೆ ಕೂತಿದ್ದವು.

"ಏನ್ರೀ ಇದು! ಅವು ನಮ್ಮ ಸೈಟಿನ ಕಲ್ಲು!" ಎಂದು ಕೂಗಿದೆ.

ಅವರ ಮುಖ ಬಿಳಚಿಕೊಂಡಿತು. "ಅಯ್ಯೋ, ಅಭ್ಯಾಸಬಲ ಸಾರ್, ಕಿತ್ತಾಕ್ಬಿಟ್ಟಿದೀನಿ" ಎಂದವರೇ ಒಂದು ಕಲ್ಲನ್ನು ಹೆಗಲಿಗೇರಿಸಿಕೊಂಡರು. "ಎಲ್ಲಿತ್ತು ಅಂತ ತೋರ್ಸಿ, ಈಗ್ಲೇ ನೆಡ್ತೀನಿ."

ಉತ್ತ ಮಣ್ಣಿನಲ್ಲಿ ನಾನೊಂದು ಕಡೆ ಬೆರಳು ತೋರಿಸಿದೆ, ಹೆಂಡತಿ ಇನ್ನೊಂದು ಕಡೆ ತೋರಿಸಿದಳು. ಕಲ್ಲು ಹೊತ್ತು ಅವರು ಕಾಯುತ್ತಲೇ ನಿಂತಿದ್ದರು.